ಅಳತೆ ಬೇರೆ, ಲಾಗ್ ಬೇರೆ: ತಿಕೋಟಾದ ಪಂಪ್ ಪ್ರೋಗ್ರಾಂ ಪ್ರಶ್ನೆಗೆ ಉತ್ತರ

ತಮ್ಮಾ, ನಿನ್ನ ಪೋಸ್ಟ್ ಪೂರ್ತಿ ಓದಿದೆ. ಗುಂಪಿನ ಉಳಿದವರಿಗೂ ತಿಳಿಯಲಿ ಎಂದು ಪ್ರಶ್ನೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ವಿಜಯಪುರ ಜಿಲ್ಲೆಯ ತಿಕೋಟಾದಲ್ಲಿ ನಿನ್ನ ದ್ರಾಕ್ಷಿ ಪಡ. ಶೆಡ್ಡಿನಲ್ಲಿ ಒಂದು ರಾಸ್‌ಬೆರಿ ಪೈ ಎಂಬ ಚಿಕ್ಕ ಕಂಪ್ಯೂಟರ್, ಅದರಲ್ಲಿ ನೀನೇ ಬರೆದ ಪೈಥಾನ್ ಪ್ರೋಗ್ರಾಂ. 5 ಸೆಕೆಂಡಿಗೊಮ್ಮೆ ಮಣ್ಣಿನ ತೇವ, ಗಾಳಿಯ ತೇವಾಂಶ, ಡ್ರಿಪ್ ಪೈಪಿನ ಒತ್ತಡ ಓದುತ್ತದೆ. ಬೇಕಾದಾಗ ಮೋಟರ್ ಚಾಲೂ ಮಾಡುತ್ತದೆ. ಮೊದಲು ಎಲ್ಲದಕ್ಕೂ ಪ್ರಿಂಟ್ ಹಾಕಿದ್ದೆ, ಈಗ ಏನೇನಾಯಿತು ಎಂಬ ದಾಖಲೆ, ಅಂದರೆ ಲಾಗ್, ಬರೆಯುವ ಪೈಥಾನಿನ ಲಾಗಿಂಗ್ ಮಾಡ್ಯೂಲ್‌ಗೆ ಬದಲಾಯಿಸಿದ್ದೀಯ. ಆದರೆ ಕೆಲವು ಸಾಲು ಬರುವುದೇ ಇಲ್ಲ, ಬರುವವು ರಾಶಿ ರಾಶಿ ಬರುತ್ತವೆ. ರಾತ್ರಿ ಮೋಟರ್ ಯಾಕೆ ನಿಂತಿತು ಅಂತ ಹುಡುಕಿದರೆ ಸಿಗುವುದಿಲ್ಲ. ಫೈಲಿಗೆ ಕಳಿಸಿದರೆ ಫೈಲ್ ಖಾಲಿ. ಕರೆಂಟ್ ಹೋಗಿ ಬಂದ ಮೇಲೆ ಟೈಮ್ ತಪ್ಪು. ಜೊತೆಗೆ ಅಪ್ಪಾಜಿಗೂ ಓದಲು ಬರುವ ಹಾಗೆ ಕನ್ನಡದಲ್ಲಿ ಬೇಕು.

ಫಾರ್ಮ್ಯಾಟ್ ಬದಲಾಯಿಸುವ ಮೊದಲು ಒಂದು ಕೆಲಸ ಮಾಡು. ಅಳತೆಯನ್ನು ಲಾಗ್‌ನಿಂದ ಹೊರಗೆ ತೆಗೆ. ನಿನ್ನ ತೊಂದರೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಇದೆ.

5 ಸೆಕೆಂಡಿಗೊಂದು ಸಾಲು ಎಂದರೆ ದಿನಕ್ಕೆ 17,280 ಸಾಲು. ಒಂದು ಸಾಲಿಗೆ 80 ಬೈಟ್ ಹಿಡಿದರೂ ದಿನಕ್ಕೆ 1.4 ಎಂಬಿ ಹತ್ತಿರ. ಹಾಗಾಗಿ ಪೈನ ಎಸ್‌ಡಿ ಕಾರ್ಡ್ ತುಂಬುತ್ತದೆ ಎಂಬ ಹೆದರಿಕೆ ಸದ್ಯಕ್ಕೆ ಬೇಡ. ಓದುವವನ ಕಣ್ಣಿಗೇ ಕಷ್ಟ. ಮೋಟರ್ ನಿಂತಿದ್ದು ಒಂದೇ ಸಾಲು, ಅದರ ಸುತ್ತ ಹದಿನೇಳು ಸಾವಿರ ಸಾಲು ‘ತೇವ 41, ತೇವ 41, ತೇವ 42’ ಅಂತ ಬಿದ್ದಿರುತ್ತದೆ. ಅಳತೆಗೆ ಬೇರೆ ಸಿಎಸ್‌ವಿ ಫೈಲ್ (ಕಾಮಾ ಹಾಕಿ ಬೇರ್ಪಡಿಸಿದ ಅಂಕಿಗಳ ಫೈಲ್) ಇಡು. ದಿನಕ್ಕೊಂದು ಫೈಲ್, ನಿಮಿಷಕ್ಕೊಂದು ಸರಾಸರಿ ಸಾಲು, ಒಟ್ಟು 1,440 ಸಾಲು. ಅದು ಎಕ್ಸೆಲ್‌ನಲ್ಲಿ ನೇರವಾಗಿ ತೆರೆಯುತ್ತದೆ. ಅಕ್ಟೋಬರ್ ಚಾಟ್ನಿ (ಬಳ್ಳಿ ಕತ್ತರಿಸುವುದು) ಆದ ಮೇಲೆ ಡೌನಿ ರೋಗದ ಕಾಟದ ದಿನಗಳಲ್ಲಿ, ನಿನ್ನೆ ರಾತ್ರಿ ಎಷ್ಟು ತಾಸು ತೇವಾಂಶ 90ರ ಮೇಲಿತ್ತು ಎಂದು ಒಂದು ಸೂತ್ರ ಹಾಕಿ ನೋಡಬಹುದು. ಆ ಪ್ರಶ್ನೆಗೆ ಲಾಗ್ ಓದುತ್ತ ಕೂರಬೇಕಿಲ್ಲ.

ಲಾಗ್‌ಗೆ ಹೋಗಬೇಕಾದದ್ದು ಏನಾದರೂ ಬದಲಾದಾಗ ಮಾತ್ರ. ಮೋಟರ್ ಶುರುವಾಯಿತು, ನಿಂತಿತು, ತ್ರೀಫೇಸ್ ಹೋಯಿತು, ಬಂತು, ಸೆನ್ಸರ್ ಉತ್ತರ ಕೊಡುತ್ತಿಲ್ಲ, ಮತ್ತೆ ಕೊಡುತ್ತಿದೆ. ಸೆನ್ಸರ್ ಕೆಟ್ಟರೆ 5 ಸೆಕೆಂಡಿಗೊಮ್ಮೆ ದೂರು ಬರೆಯುತ್ತ ಹೋಗಬಾರದು. ಕೆಟ್ಟಾಗ ಒಂದು ಸಾಲು, ಸರಿಯಾದಾಗ ಒಂದು ಸಾಲು, ಆ ಎರಡನೇ ಸಾಲಿನಲ್ಲಿ ‘ನಡುವೆ 212 ಸಲ ಓದಲು ಆಗಲಿಲ್ಲ’ ಅಂತ ಎಣಿಕೆ. ಇದಕ್ಕೆ ಪ್ರೋಗ್ರಾಂನಲ್ಲಿ ಹಿಂದಿನ ಸ್ಥಿತಿಯನ್ನು ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಂಡರೆ ಸಾಕು. ಇನ್ನೊಂದು, ತಾಸಿಗೊಮ್ಮೆ ‘ನಡೆಯುತ್ತಿದ್ದೇನೆ’ ಎಂಬ ಸಾಲು ಖಂಡಿತ ಇರಲಿ. ಅದು ಇಲ್ಲದಿದ್ದರೆ, ರಾತ್ರಿ ಪೂರ್ತಿ ಲಾಗ್ ಸುಮ್ಮನಿದ್ದದ್ದು ಎಲ್ಲ ಸರಿ ಇದ್ದದ್ದಕ್ಕೋ ಪ್ರೋಗ್ರಾಂ ಸತ್ತದ್ದಕ್ಕೋ ಗೊತ್ತಾಗುವುದಿಲ್ಲ.

ಈಗ ಸಾಲು ಹೇಗಿರಬೇಕು ನೋಡು. ನೀನು ಹಾಕಿದ ಲಾಗ್‌ನಲ್ಲಿ ‘ಮೋಟರ್ ನಿಂತಿತು’ ಅಂತಷ್ಟೇ ಇದೆ. ಯಾಕೆ ಎಂದು ಮತ್ತೆ ಹುಡುಕಬೇಕು. ಅದನ್ನೇ ಹೀಗೆ ಬರೆ:

2025-02-11 02:14:07 ಎಚ್ಚರಿಕೆ 102 ಮೋಟರ್ ನಿಲ್ಲಿಸಿದೆ: ಒತ್ತಡ 0.3, ಮಿತಿ 0.8, 40 ಸೆಕೆಂಡಿನಿಂದ ಕಡಿಮೆ, ಬೋರ್ 2

ಓದಿದ ಅಳತೆ, ಇಟ್ಟ ಮಿತಿ, ಎಷ್ಟು ಹೊತ್ತಿನಿಂದ, ಯಾವ ಬೋರ್. ಈ ನಾಲ್ಕು ಇದ್ದರೆ ಬೋರ್‌ನಲ್ಲಿ ನೀರು ಕಡಿಮೆಯಾಯಿತೋ, ಲ್ಯಾಟರಲ್ (ಗಿಡದ ಸಾಲಿನ ಡ್ರಿಪ್ ಪೈಪ್) ಒಡೆಯಿತೋ, ಮಿತಿಯನ್ನೇ ತಪ್ಪಾಗಿ ಇಟ್ಟಿದ್ದೀಯೋ ಎಂದು ಊಹಿಸಲು ದಾರಿ ಸಿಗುತ್ತದೆ. ತಾರೀಖು ಯಾವತ್ತೂ ವರ್ಷ, ತಿಂಗಳು, ದಿನ ಈ ಕ್ರಮದಲ್ಲೇ ಇರಲಿ, ಟೈಮ್ 24 ತಾಸಿನ ಲೆಕ್ಕದಲ್ಲಿ. ಆಗ ಸಾಲುಗಳನ್ನು ಸುಮ್ನೆ ಅಕ್ಷರದ ಕ್ರಮದಲ್ಲಿ ಜೋಡಿಸಿದರೂ ಟೈಮಿನ ಕ್ರಮದಲ್ಲೇ ಬರುತ್ತವೆ. ಪೈಥಾನಿನ ಫಾರ್ಮ್ಯಾಟ್‌ನಲ್ಲಿ ಆಸ್ಕ್‌ಟೈಮ್, ಲೆವೆಲ್‌ನೇಮ್, ಮೆಸೇಜ್, ಅಂದರೆ ಟೈಮ್, ಸಾಲಿನ ದರ್ಜೆ, ಮಾತು, ಈ ಮೂರು ತುಂಡು ನಿನಗೆ ಸಾಕು. ಆಸ್ಕ್‌ಟೈಮ್ ತಾನಾಗಿ ಕಾಮಾ ಹಾಕಿ ಮಿಲಿಸೆಕೆಂಡನ್ನೂ ಸೇರಿಸುತ್ತದೆ. ಡೇಟ್‌ಫಾರ್ಮ್ಯಾಟ್ ನೀನೇ ಕೊಟ್ಟರೆ ಅದು ಹೋಗುತ್ತದೆ.

ಸಾಲು ಬರುವುದೇ ಇಲ್ಲ ಎಂದಿದ್ದೀಯಲ್ಲ, ಅದು ಲೆವೆಲ್, ಅಂದರೆ ಸಾಲು ಎಷ್ಟು ಮುಖ್ಯ ಎಂಬ ದರ್ಜೆಯ ವಿಷಯ. ಡೀಬಗ್ 10, ಇನ್ಫೋ 20, ವಾರ್ನಿಂಗ್ 30, ಎರರ್ 40, ಕ್ರಿಟಿಕಲ್ 50. ನೀನೇನೂ ಹೇಳದಿದ್ದರೆ ಪೈಥಾನ್ 30ರಿಂದ ಮೇಲಿನದ್ದನ್ನು ಮಾತ್ರ ತೋರಿಸುತ್ತದೆ. ನಿನ್ನ ಇನ್ಫೋ ಸಾಲುಗಳು ಅಲ್ಲೇ ನಿಂತಿವೆ. ಪ್ರತಿ ಸಲ ಫೈಲ್ ತೆರೆದು ಲೆವೆಲ್ ತಿದ್ದಬೇಡ. ಕಮಾಂಡ್ ಲೈನ್‌ನಿಂದಲೇ ಬದಲಾಗುವ ಹಾಗೆ ಮಾಡು. ಕಮಾಂಡ್ ಲೈನ್ ಆಯ್ಕೆ ಓದುವ ಪೈಥಾನಿನ ಆರ್ಗ್‌ಪಾರ್ಸ್‌ನಲ್ಲಿ ‘ಹೈಫನ್ ವಿ’ ಎಂಬ ಆಯ್ಕೆಗೆ ಆ್ಯಕ್ಷನ್ ಕೌಂಟ್, ಡಿಫಾಲ್ಟ್ 0 ಅಂತ ಕೊಡು. ವಿ ಎಷ್ಟು ಸಲ ಬಂತೋ ಅದನ್ನು 10ರಿಂದ ಗುಣಿಸಿ 30ರಿಂದ ಕಳೆ. ವಿ ಇಲ್ಲದಿದ್ದರೆ 30, ಒಂದಿದ್ದರೆ 20, ಎರಡಿದ್ದರೆ 10. ಹತ್ತಕ್ಕಿಂತ ಕೆಳಗೆ ಇಳಿಯದ ಹಾಗೆ ಒಂದು ತಡೆ ಹಾಕಿಬಿಡು. 0 ಎಂದರೆ ಅರ್ಥವೇ ಬೇರೆಯಾಗುತ್ತದೆ. ಶೆಡ್ಡಿನಲ್ಲಿ ಸುಮ್ಮನೆ ಓಡುವಾಗ ವಿ ಬೇಡ. ಸೆನ್ಸರ್ ವೈರ್ ಬದಲಾಯಿಸಿ ಪರೀಕ್ಷೆ ಮಾಡುವಾಗ ಎರಡು ವಿ ಹಾಕಿ ನೋಡು.

ಫೈಲ್ ಖಾಲಿ ಇರುವುದಕ್ಕೆ ಕಾರಣ ಬೇರೆ. ಪ್ರೋಗ್ರಾಂನಿಂದ ಹೊರಗೆ ಬರಲು ಎರಡು ದಾರಿ ಇವೆ. 1ನೆಯದು ಮಾಮೂಲಿ ಔಟ್‌ಪುಟ್, 2ನೆಯದು ಎರರ್ ಔಟ್‌ಪುಟ್. ಪ್ರಿಂಟ್ 1ರಲ್ಲಿ ಹೋಗುತ್ತದೆ. ಲಾಗಿಂಗ್ ಮಾಡ್ಯೂಲ್‌ನ ಸ್ಟ್ರೀಮ್ ಹ್ಯಾಂಡ್ಲರ್ (ಹ್ಯಾಂಡ್ಲರ್ ಎಂದರೆ ಸಾಲನ್ನು ಒಯ್ದು ಮುಟ್ಟಿಸುವ ಭಾಗ) ಬೇರೆ ಹೇಳದಿದ್ದರೆ 2ರಲ್ಲಿ ಹೋಗುತ್ತದೆ. ನೀನು ಹಾಕಿದ > ಗುರುತು 1ನ್ನು ಮಾತ್ರ ಫೈಲಿಗೆ ತಿರುಗಿಸುತ್ತದೆ. ಅದಕ್ಕೇ ಸಾಲುಗಳು ಪರದೆಯ ಮೇಲೇ ಉಳಿದವು. 2> ಎಂದು ಬರೆದರೆ ಫೈಲಿಗೆ ಹೋಗುತ್ತವೆ. ಇದನ್ನು ಬದಲಾಯಿಸಲು ಹೋಗಬೇಡ, ಇದು ಒಳ್ಳೆಯ ವ್ಯವಸ್ಥೆ. ನಾಳೆ ನಿನ್ನ ಪ್ರೋಗ್ರಾಂ ಅಳತೆಯನ್ನು 1ರಲ್ಲಿ ಕೊಟ್ಟರೆ, ಅದನ್ನು ಇನ್ನೊಂದು ಪ್ರೋಗ್ರಾಂಗೆ ಪೈಪ್ ಮಾಡಬಹುದು, ಅಂದರೆ ನೇರವಾಗಿ ದಾಟಿಸಬಹುದು, ನಡುವೆ ಎಚ್ಚರಿಕೆ ಸಾಲು ಸೇರಿ ಕೆಡುವುದಿಲ್ಲ.

ಆದರೂ ದಿನಾ ಓಡುವ ಪ್ರೋಗ್ರಾಂಗೆ > ಗುರುತನ್ನು ನಂಬಿ ಕೂರಬಾರದು. ಎರಡು ಹ್ಯಾಂಡ್ಲರ್ ಇಡು. ಒಂದು ಪರದೆಗೆ, ಅದರ ಲೆವೆಲ್ ವಿ ಹೇಳಿದಷ್ಟು. ಇನ್ನೊಂದು ಫೈಲಿಗೆ, ಅದಕ್ಕೆ ಯಾವಾಗಲೂ 20. ಇಲ್ಲಿ ಬಹಳ ಜನ ಸಿಕ್ಕಿಬೀಳುವ ಜಾಗ ಒಂದಿದೆ. ಲಾಗರ್‌ಗೂ ಒಂದು ಲೆವೆಲ್ ಇರುತ್ತದೆ, ಹ್ಯಾಂಡ್ಲರ್‌ಗೂ ಒಂದು ಇರುತ್ತದೆ. ಲಾಗರ್ ಮೊದಲ ಜರಡಿ. ಅದು 30ರಲ್ಲಿದ್ದರೆ ಫೈಲ್ ಹ್ಯಾಂಡ್ಲರ್ 20 ಅಂದರೂ ಏನೂ ಬರುವುದಿಲ್ಲ. ಲಾಗರ್‌ಗೆ 10 ಕೊಟ್ಟು, ಸೋಸುವ ಕೆಲಸ ಹ್ಯಾಂಡ್ಲರ್‌ಗಳಿಗೆ ಬಿಡು. ಹ್ಯಾಂಡ್ಲರ್ ಸೇರಿಸುವ ಫಂಕ್ಷನ್ ಒಂದೇ ಸಲ ಓಡಬೇಕು. ಲೂಪಿನ ಒಳಗೆ ಸೇರಿಸಿದರೆ ಒಂದೇ ಸಾಲು ಎರಡು ಸಲ, ಮೂರು ಸಲ ಬರತೊಡಗುತ್ತದೆ.

ಫೈಲಿಗೆ ಟೈಮ್ಡ್ ರೊಟೇಟಿಂಗ್ ಫೈಲ್ ಹ್ಯಾಂಡ್ಲರ್ ಬಳಸು. ವೆನ್ ಎಂಬಲ್ಲಿ ಮಿಡ್‌ನೈಟ್, ಬ್ಯಾಕಪ್ ಕೌಂಟ್ 30. ದಿನ ಬದಲಾದಾಗ ಹೊಸ ಫೈಲ್ ಶುರುವಾಗುತ್ತದೆ, ಒಂದು ತಿಂಗಳಿಗಿಂತ ಹಳೆಯದು ತಾನಾಗಿ ಅಳಿಯುತ್ತದೆ. ಬ್ಯಾಕಪ್ ಕೌಂಟ್ ಬರೆಯದೆ ಬಿಟ್ಟರೆ ಅದು 0, ಅಂದರೆ ಹಳೆಯ ಫೈಲ್ ಯಾವುದೂ ಅಳಿಯುವುದಿಲ್ಲ. ಫೈಲನ್ನು ಕೂತು ನೋಡುವಾಗ ಫೈಲಿನ ಕೊನೆಯ ಸಾಲುಗಳನ್ನು ತೋರಿಸುವ ಟೇಲ್ ಕಮಾಂಡಿಗೆ ದೊಡ್ಡಕ್ಷರದ ಎಫ್ ಕೊಡು. ಚಿಕ್ಕ ಎಫ್ ಕೊಟ್ಟರೆ ಮಧ್ಯರಾತ್ರಿ ಹೆಸರು ಬದಲಾದ ಹಳೆಯ ಫೈಲನ್ನೇ ಹಿಡಿದು ಕೂರುತ್ತದೆ.

ಈಗ ಕನ್ನಡ. ಇದು ನನಗೆ ಬಹಳ ಇಷ್ಟವಾದ ಪ್ರಶ್ನೆ. ಮೋಟರ್ ಹತ್ತಿರ ದಿನಾ ಇರುವವರು ಅಪ್ಪಾಜಿ. ಅವರಿಗೆ ಓದಲು ಬರದ ಲಾಗ್ ಅರ್ಧ ಕೆಲಸಕ್ಕೆ ಮಾತ್ರ ಬರುತ್ತದೆ. ಪೈಥಾನಿನಲ್ಲಿ ಆ್ಯಡ್ ಲೆವೆಲ್ ನೇಮ್ ಎಂಬ ಫಂಕ್ಷನ್ ಇದೆ. 20ಕ್ಕೆ ‘ಮಾಹಿತಿ’, 30ಕ್ಕೆ ‘ಎಚ್ಚರಿಕೆ’, 40ಕ್ಕೆ ‘ದೋಷ’ ಎಂದು ಹೆಸರು ಕೊಟ್ಟರೆ ಲಾಗ್‌ನಲ್ಲಿ ಅದೇ ಬರುತ್ತದೆ. ಫೈಲ್ ಹ್ಯಾಂಡ್ಲರ್‌ಗೆ ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್ ಆಗಿ ಉಳಿಸುವ ಕ್ರಮ) ಯುಟಿಎಫ್-8 ಎಂದು ಮರೆಯದೆ ಬರೆ. ಆ ಎನ್‌ಕೋಡಿಂಗ್‌ನಲ್ಲಿ ಕನ್ನಡದ ಪ್ರತಿ ಅಕ್ಷರಗುರುತಿಗೆ 3 ಬೈಟ್ ಹೋಗುತ್ತದೆ. ಅಳತೆ ಹೊರಗೆ ಹೋದ ಮೇಲೆ ಅದು ಲೆಕ್ಕಕ್ಕಿಲ್ಲ.

ತೊಡಕು ಬರುವುದು ಕಾಲಂ ಜೋಡಿಸುವಾಗ. ಲೆವೆಲ್ ಹೆಸರಿಗೆ 8 ಅಕ್ಷರದ ಜಾಗ ಎಂದು ಫಾರ್ಮ್ಯಾಟ್‌ನಲ್ಲಿ ಕೊಟ್ಟರೆ ಇಂಗ್ಲಿಷ್‌ನಲ್ಲಿ ನೆಟ್ಟಗೆ ಬರುತ್ತದೆ, ಕನ್ನಡದಲ್ಲಿ ವಕ್ರ. ‘ಎಚ್ಚರಿಕೆ’ ನಮ್ಮ ಕಣ್ಣಿಗೆ 4 ಅಕ್ಷರ. ಪೈಥಾನ್ ಒತ್ತು, ಗುಣಿತದ ಗುರುತು ಎಲ್ಲವನ್ನೂ ಬಿಡಿಯಾಗಿ ಎಣಿಸುತ್ತದೆ, ಅದರ ಲೆಕ್ಕಕ್ಕೆ 8. ‘ದೋಷ’ ಕಣ್ಣಿಗೆ 2, ಪೈಥಾನಿಗೆ 3, ಉಳಿದ 5 ಜಾಗಕ್ಕೆ ಖಾಲಿ ಸ್ಪೇಸ್ ತುಂಬುತ್ತದೆ. ಸ್ಪೇಸ್ ಎಣಿಸಿ ಜೋಡಿಸುವುದನ್ನು ಬಿಟ್ಟು ನಡುವೆ ಟ್ಯಾಬ್ ಹಾಕು, ಹೆಚ್ಚುಕಡಿಮೆ ಸರಿಹೋಗುತ್ತದೆ. ಪೈಗೆ ನೇರವಾಗಿ ಮಾನಿಟರ್ ಹಚ್ಚಿ ಡೆಸ್ಕ್‌ಟಾಪ್ ಇಲ್ಲದ ಬರೀ ಕಪ್ಪು ಪರದೆಯಲ್ಲಿ ನೋಡಿದರೆ ಕನ್ನಡ ಕಾಣುವುದೇ ಇಲ್ಲ, ಚೌಕ ಕಾಣುತ್ತವೆ. ಫೈಲ್ ಕೆಟ್ಟಿದೆ ಅಂದುಕೊಳ್ಳಬೇಡ. ಅದೇ ಫೈಲನ್ನು ಫೋನಿಗೆ ತಂದು ತೆರೆದರೆ ಚೆನ್ನಾಗಿ ಕಾಣುತ್ತದೆ.

ಮೇಲಿನ ಸಾಲಿನಲ್ಲಿ 102 ಎಂದು ಹಾಕಿದ್ದು ಯಾಕೆ ಅಂದರೆ, ಕನ್ನಡದ ಪದ ಇಟ್ಟು ಹುಡುಕುವುದು ತಪ್ಪಿಹೋಗುತ್ತದೆ. ಒಂದು ಕಡೆ ‘ನಿಂತಿತು’, ಇನ್ನೊಂದು ಕಡೆ ‘ನಿಲ್ಲಿಸಿದೆ’ ಎಂದು ಬರೆದಿರುತ್ತೇವೆ. ‘ಸೆನ್ಸರ್‌ಗೆ’ ಎಂದು ಟೈಪ್ ಮಾಡುವಾಗ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಕೂರುತ್ತದೆ. ಒಂದು ಕೀಬೋರ್ಡ್ ಅದನ್ನು ಹಾಕುತ್ತದೆ, ಇನ್ನೊಂದು ಹಾಕುವುದಿಲ್ಲ. ಕಣ್ಣಿಗೆ ಪದ ಅದೇ ಅನ್ನಿಸಿದರೂ ಪದ ಹುಡುಕುವ ಗ್ರೆಪ್ ಕಮಾಂಡಿಗೆ ಸಿಗುವುದಿಲ್ಲ. ಹಾಗಾಗಿ ಪ್ರತಿ ಘಟನೆಗೆ ಒಂದು ನಂಬರ್ ಕೊಡು. 101 ಮೋಟರ್ ಶುರು, 102 ಮೋಟರ್ ನಿಂತದ್ದು, 201 ಸೆನ್ಸರ್ ಕೆಟ್ಟದ್ದು, 202 ಸರಿಯಾದದ್ದು, 301 ತ್ರೀಫೇಸ್ ಹೋದದ್ದು. ‘ಎಚ್ಚರಿಕೆ’ಯ ಜೊತೆಗೆ 102 ಹುಡುಕು, ತಿಂಗಳ ಎಲ್ಲ ನಿಲುಗಡೆಯೂ ಒಂದೇ ಪರದೆಯಲ್ಲಿ ಬರುತ್ತದೆ. ಮಾತು ಅಪ್ಪಾಜಿಗೆ, ನಂಬರ್ ನಿನಗೆ.

ಟೈಮ್ ತಪ್ಪುವುದು ನಿನ್ನ ಕೋಡಿನ ತಪ್ಪಲ್ಲ. ರಾಸ್‌ಬೆರಿ ಪೈ 4 ಮತ್ತು ಅದಕ್ಕಿಂತ ಹಿಂದಿನವುಗಳಲ್ಲಿ ಬ್ಯಾಟರಿ ಮೇಲೆ ನಡೆಯುವ ಗಡಿಯಾರವೇ ಇಲ್ಲ. ಪೈ 5ರಲ್ಲಿ ಗಡಿಯಾರದ ಸರ್ಕ್ಯೂಟ್ ಇದೆ, ಆದರೆ ಬ್ಯಾಟರಿ ನಾವೇ ಹಚ್ಚಬೇಕು. ಕರೆಂಟ್ ಬಂದಾಗ ಇಂಟರ್ನೆಟ್ ಸಿಕ್ಕರೆ ಟೈಮ್ ಸರಿಮಾಡಿಕೊಳ್ಳುತ್ತದೆ, ಸಿಗುವವರೆಗೆ ಹಳೆಯ ಟೈಮಿನಲ್ಲೇ ಲಾಗ್ ಬರೆಯುತ್ತದೆ. ತೋಟದಲ್ಲಿ ನೆಟ್‌ವರ್ಕ್ ಬರುವುದು ಕರೆಂಟಿಗಿಂತ ತಡ, ಅಲ್ವಾ? ಡಿಎಸ್3231 ಎಂಬ ಚಿಕ್ಕ ಗಡಿಯಾರದ ಮಾಡ್ಯೂಲ್ ಸಿಗುತ್ತದೆ. ಅದನ್ನು ಐ2ಸಿ ಪಿನ್ನಿಗೆ ಹಚ್ಚಿದರೆ ವರ್ಷಕ್ಕೆ ಸುಮಾರು ಒಂದು ನಿಮಿಷದ ಆಚೀಚೆ ಅಷ್ಟೇ. ಪೈ ಮೇಲೆ ಇಂಥ ಕೆಲಸ ಇಟ್ಟವರೆಲ್ಲ ಮೊದಲು ಕೊಳ್ಳಬೇಕಾದದ್ದು ಇದೇ ಎಂದು ನನ್ನ ಅಭಿಪ್ರಾಯ. ಅದು ಬರುವವರೆಗೆ, ಪ್ರೋಗ್ರಾಂ ಶುರುವಾಗಿ ಎಷ್ಟು ಸೆಕೆಂಡ್ ಆಯಿತು ಎಂಬುದನ್ನೂ ಸಾಲಿನಲ್ಲಿ ಬರೆ. ಅದಕ್ಕೆ ಟೈಮ್ ಮಾಡ್ಯೂಲ್‌ನ ಮೊನೊಟೋನಿಕ್ ಬಳಸು, ಈಗಿನ ಅಂಕಿಯಿಂದ ಶುರುವಿನ ಅಂಕಿ ಕಳೆ. ಗಡಿಯಾರ ಹಿಂದೆ ಮುಂದೆ ಜಿಗಿದರೂ ಅದು ಜಿಗಿಯುವುದಿಲ್ಲ.

ಕರೆಂಟ್ ದಿಢೀರ್ ಹೋದಾಗ ಇನ್ನೊಂದು ನಷ್ಟ ಇದೆ. ಪೈಥಾನ್ ಸಾಲನ್ನು ಬರೆದು ಮುಗಿಸಿದರೂ ಅದು ಕೆಲವು ಸೆಕೆಂಡ್ ಮೆಮೊರಿಯಲ್ಲೇ ಇರುತ್ತದೆ, ಕಾರ್ಡಿಗೆ ಇಳಿದಿರುವುದಿಲ್ಲ. ನಮಗೆ ಬೇಕಾದದ್ದು ಆ ಕೊನೆಯ ಸಾಲೇ. 30ರಿಂದ ಮೇಲಿನ ಸಾಲು ಬರೆದ ಕೂಡಲೇ ಎಫ್‌ಸಿಂಕ್ ಕರೆದರೆ ಅದು ಕಾರ್ಡಿಗೆ ಇಳಿಯುತ್ತದೆ. ಎಲ್ಲ ಸಾಲಿಗೂ ಮಾಡಬೇಡ, ಕಾರ್ಡ್ ಸವೆಯುತ್ತದೆ. ಪೈಗೆ ಒಂದು ಚಿಕ್ಕ ಬ್ಯಾಟರಿ ಬ್ಯಾಕಪ್ ಇದ್ದರೆ ‘ತ್ರೀಫೇಸ್ ಹೋಯಿತು’ ಎಂದು ಬರೆಯುವಷ್ಟು ಜೀವ ಅದಕ್ಕೆ ಉಳಿದಿರುತ್ತದೆ.

ಪ್ರೋಗ್ರಾಂ ನಡುವೆ ಎರರ್ ಬಂದು ಸಾಯುತ್ತಿದ್ದರೆ, ಎರರ್ ಹಿಡಿಯುವ ಎಕ್ಸೆಪ್ಟ್ ಒಳಗೆ ಲಾಗರ್‌ನ ಎಕ್ಸೆಪ್ಷನ್ ಫಂಕ್ಷನ್ ಬಳಸು. ಯಾವ ಸಾಲಿನಲ್ಲಿ ತಪ್ಪಾಯಿತು ಎಂಬ ಪೂರ್ತಿ ವಿವರ ತಾನಾಗಿ ಬರುತ್ತದೆ. ಪೈ ಶುರುವಾದಾಗ ಪ್ರೋಗ್ರಾಂ ತಾನಾಗಿ ಓಡುವ ಹಾಗೆ ಸಿಸ್ಟಮ್‌ಡಿ ಸರ್ವಿಸ್ ಮಾಡಿ ಓಡಿಸುವುದಾದರೆ ಪರದೆಯ ಹ್ಯಾಂಡ್ಲರ್‌ನಿಂದ ಟೈಮ್ ತೆಗೆದುಬಿಡು. ಸಿಸ್ಟಮ್‌ಡಿಯ ಲಾಗ್ ಆದ ಜರ್ನಲ್ ತನ್ನದೇ ಟೈಮ್ ಹಾಕುತ್ತದೆ, ಇಲ್ಲದಿದ್ದರೆ ಪ್ರತಿ ಸಾಲಿನಲ್ಲೂ ಎರಡೆರಡು.

ಮೊದಲು ಅಳತೆಯನ್ನು ಸಿಎಸ್‌ವಿಗೆ ತೆಗೆ, ಆಮೇಲೆ ಎರಡು ಹ್ಯಾಂಡ್ಲರ್, ಆಮೇಲೆ ಕನ್ನಡ. ಒಮ್ಮೆಲೇ ಎಲ್ಲ ಬದಲಾಯಿಸಿದರೆ ಯಾವುದರಿಂದ ಕೆಟ್ಟಿತು ಗೊತ್ತಾಗುವುದಿಲ್ಲ. ಆದ ಮೇಲೆ ಒಂದು ರಾತ್ರಿಯ ಲಾಗನ್ನು ಇಲ್ಲೇ ಹಾಕು. ಸ್ಕ್ರೀನ್‌ಶಾಟ್ ಬೇಡ, ಫೈಲನ್ನೇ ಹಾಕು, ಜೊತೆಗೆ ಆ ದಿನದ ಸಿಎಸ್‌ವಿ ಕೂಡ. 102 ಬಂದ ಹೊತ್ತಿಗೆ ಒತ್ತಡ ಹೇಗೆ ಇಳಿದಿತ್ತು ಎಂದು ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡೋಣ.