ಪೋಕರ್‌ನಲ್ಲಿ ಮಧ್ಯಮ ಜೋಡಿ ಬಂದಾಗ ರೈಸ್ ಮಾಡಬೇಕೇ, ಫೋಲ್ಡ್ ಮಾಡಬೇಕೇ?

ಪೋಕರ್‌ನ ಒಂದು ಬಗೆಯಾದ ಟೆಕ್ಸಾಸ್ ಹೋಲ್ಡೆಮ್‌ನಲ್ಲಿ ನಿಮ್ಮ ಕೈಗೆ ಎಂಟರ ಜೋಡಿ (ಎರಡು ಎಲೆಗಳೂ ಎಂಟು) ಬಂದಿದೆ ಎನ್ನಿ. ನಿಮಗಿಂತ ಮೊದಲಿನವರೆಲ್ಲ ಫೋಲ್ಡ್ ಮಾಡಿದ್ದರೆ (ಎಲೆ ಬಿಟ್ಟು ಆ ಆಟದಿಂದ ಹಿಂದೆ ಸರಿದಿದ್ದರೆ) ಹಿಂಜರಿಯದೆ ರೈಸ್ ಮಾಡಿ, ಅಂದರೆ ಪಣ ಏರಿಸಿ. ಕಷ್ಟ ಶುರುವಾಗುವುದು ಫ್ಲಾಪ್, ಅಂದರೆ ಎಲ್ಲರಿಗೂ ಸೇರಿದ ಮೊದಲ ಮೂರು ಎಲೆಗಳು, ಮೇಜಿನ ಮೇಲೆ ಬಿದ್ದ ಮೇಲೆ. ಆ ಮೂರು ಎಲೆಗಳಲ್ಲಿ ಎಂಟಕ್ಕಿಂತ ದೊಡ್ಡದು ಒಂದಾದರೂ ಬರುವ ಸಾಧ್ಯತೆ ಸುಮಾರು ಶೇ. 87, ಮತ್ತೊಂದು ಎಂಟು ಸಿಗುವ ಸಾಧ್ಯತೆ ಶೇ. 12ರಷ್ಟು ಮಾತ್ರ. ರಾಜ, ಏಳು, ಎರಡು ಬಿದ್ದು, ಇರುವ ಒಬ್ಬನೇ ಎದುರಾಳಿ ಚೆಕ್ ಮಾಡಿದರೆ (ಪಣ ಕಟ್ಟದೆ ಸರದಿ ಬಿಟ್ಟರೆ) ಸಣ್ಣ ಪಣ ಕಟ್ಟಬಹುದು. ಅದೇ ಎಲೆಗಳ ಮೇಲೆ ಒಬ್ಬ ದೊಡ್ಡ ಪಣ ಕಟ್ಟಿ ಇನ್ನೊಬ್ಬ ಅದನ್ನೂ ಏರಿಸಿದರೆ ಜೋಡಿಯ ಮೋಹ ಬಿಟ್ಟುಬಿಡಿ. ಫ್ಲಾಪ್‌ಗೆ ಮೊದಲೇ ದೊಡ್ಡ ರೈಸ್ ಎದುರಾದರೆ ನಿಮ್ಮ ಮತ್ತು ರೈಸ್ ಮಾಡಿದವನ ಚಿಪ್‌ಗಳನ್ನೂ (ಪಣದ ಬಿಲ್ಲೆಗಳನ್ನೂ) ನೋಡಿ: ಕಾಲ್ ಮಾಡಲು, ಅಂದರೆ ಆ ಪಣಕ್ಕೆ ಸರಿಸಮ ಹಾಕಲು, ಬೇಕಾದ ಮೊತ್ತದ ಹದಿನೈದು ಪಟ್ಟಾದರೂ ಒಬ್ಬೊಬ್ಬರ ಬಳಿಯೂ ಇಲ್ಲದಿದ್ದರೆ, ಬರೀ ಮೂರನೆಯ ಎಂಟರ ಆಸೆಗೆ ಹಣ ಹಾಕುವುದು ನಷ್ಟದ ಬಾಬತ್ತು.