ಫೋನ್ ಲೈನಿನ ಹಳೇ 33.6ಕೆ (ಸೆಕೆಂಡಿಗೆ 33.6 ಕಿಲೋಬಿಟ್ ವೇಗದ) ಮೋಡೆಮ್ ಅನ್ನು 56ಕೆಗೆ ಏರಿಸಬಹುದಾ?

ಕೆಲವನ್ನು ಏರಿಸಬಹುದು, ಎಲ್ಲವನ್ನೂ ಅಲ್ಲ. ಫರ್ಮ್‌ವೇರ್ (ಮೋಡೆಮ್ ಒಳಗಿನ ತಂತ್ರಾಂಶ) ಮತ್ತೆ ಬರೆಯಬಹುದಾದ ಫ್ಲ್ಯಾಶ್ ಮೆಮೊರಿಯಲ್ಲಿದ್ದು, ಚಿಪ್‌ಗೂ ಅಷ್ಟು ಶಕ್ತಿ ಇದ್ದರೆ, ತಯಾರಕರು ಆ ಮಾಡೆಲ್‌ಗೆಂದೇ ಕೊಟ್ಟ ಫೈಲ್ ಹಾಕಿದರೆ ಸಾಕು. ಹಾಕುವಾಗ ಮಾತ್ರ ಕರೆಂಟ್ ಹೋಗಬಾರದು. ಹೋದರೆ ಮೋಡೆಮ್ ಕೆಟ್ಟುಹೋಗಬಹುದು. ಫ್ಲ್ಯಾಶ್ ಇಲ್ಲದಿದ್ದರೆ ಹೊಸದನ್ನು ಕೊಳ್ಳುವುದೇ ಸುಲಭ.

56ಕೆಗೆ ಮೊದಲು ಬಂದ ಎರಡು ಪೈಪೋಟಿ ವಿಧಾನಗಳಾದ ಎಕ್ಸ್2, ಕೆ56ಫ್ಲೆಕ್ಸ್ ಒಂದಕ್ಕೊಂದು ಹೊಂದುವುದಿಲ್ಲ. ಆ ಜಗಳ ಮುಗಿಸಿದ್ದು 1998ರ ವಿ.90 ಎಂಬ ಸಾಮಾನ್ಯ ಮಾನದಂಡ. ಅದನ್ನೇ ಆರಿಸಿ.

ಇನ್ನೊಂದು ಮಾತು. ವಿ.90ರಲ್ಲಿ 56ಕೆ ಅಂದರೆ ಡೌನ್‌ಲೋಡ್ ಮಾತ್ರ, ಅದೂ ಗರಿಷ್ಠ ಲೆಕ್ಕ. ಅಪ್‌ಲೋಡ್ 33.6ರಲ್ಲೇ ನಿಲ್ಲುತ್ತದೆ. ಇಂಟರ್‌ನೆಟ್ ಕೊಡುವವರ ಕಡೆ ಫೋನ್ ಲೈನ್ ಡಿಜಿಟಲ್ ಆಗಿರಲೇಬೇಕು. ಎರಡು ಮನೆಗಳ ಮಾಮೂಲಿ ಮೋಡೆಮ್‌ಗಳನ್ನು ನೇರ ಜೋಡಿಸುವುದೇ ನಿಮ್ಮ ಉದ್ದೇಶವಾದರೆ 33.6 ದಾಟುವುದಿಲ್ಲ, ಸುಮ್ನೆ ದುಡ್ಡು ದಂಡ.