ಮುಳ್ಳು ತಿರುಗಿಸಬೇಕೋ, ಕೆಲಸದ ಹೊತ್ತನ್ನೋ?

ದಾವಣಗೆರೆಯ ಓದುಗರೊಬ್ಬರ ಪತ್ರ: ‘ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ಚಳಿಗಾಲದಲ್ಲಿ ಅವಳ ಫೋನ್ ಸಂಜೆ ಏಳೂವರೆಗೆ ಬರುತ್ತದೆ. ಮಾರ್ಚ್ ಬಂತೆಂದರೆ ಆರೂವರೆಗೇ. ಅಲ್ಲಿ ಎಲ್ಲರೂ ಗಡಿಯಾರವನ್ನೇ ಒಂದು ಗಂಟೆ ಮುಂದಕ್ಕಿಡುತ್ತಾರಂತೆ. ಕರೆಂಟ್ ಉಳಿಯುವುದಾದರೆ ನಾವೂ ಹಾಗೇಕೆ ಮಾಡಬಾರದು?’

ಸಂಪಾದಕರ ಉತ್ತರ: ನಿಮ್ಮ ಪ್ರಶ್ನೆ ಚೆನ್ನಾಗಿದೆ. ಆದರೆ ನನ್ನ ಉತ್ತರ ‘ಬೇಡ’ ಎಂದೇ. ಕಾರಣ ಹೇಳುತ್ತೇನೆ.

ನ್ಯೂಜೆರ್ಸಿಯಲ್ಲಿ ಜೂನ್ ತಿಂಗಳ ಹಗಲು ಸುಮಾರು 15 ಗಂಟೆ. ಡಿಸೆಂಬರಿನಲ್ಲಿ ಅದು ಒಂಬತ್ತೂಕಾಲು ಗಂಟೆಗೆ ಇಳಿಯುತ್ತದೆ. ಗಡಿಯಾರ ಮುಂದಿಡದಿದ್ದರೆ ಜೂನ್‌ನಲ್ಲಿ ನಸುಕಿನ ನಾಲ್ಕೂವರೆಗೇ ಬೆಳಗಾಗುತ್ತದೆ. ಊರೆಲ್ಲ ಮಲಗಿರುವಾಗ ಆ ಬೆಳಕು ಯಾರಿಗೆ ಬೇಕು? ಅದನ್ನು ಸಂಜೆಗೆ ಸರಿಸೋಣ ಎನ್ನುವುದು ಅವರ ಲೆಕ್ಕ. ನವೆಂಬರ್ ಬಂತೆಂದರೆ ಮುಳ್ಳನ್ನು ಮತ್ತೆ ಹಿಂದಕ್ಕಿಡುತ್ತಾರೆ. ನಮ್ಮ ಬೆಂಗಳೂರಿನಲ್ಲಿ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ. ವರ್ಷವಿಡೀ ಸೂರ್ಯ ಹುಟ್ಟುವುದು ಆರರ ಆಸುಪಾಸಿನಿಂದ ಏಳರೊಳಗೆ. ಆ ಹೊತ್ತಿಗೆ ಹಾಲಿನವರು, ಹೂವಿನವರು, ಬಸ್ಸಿನವರು ಎದ್ದೇ ಇರುತ್ತಾರೆ. ಸರಿಸುವುದಕ್ಕೆ ನಮ್ಮಲ್ಲಿ ಹೆಚ್ಚುವರಿ ಬೆಳಕೇ ಇಲ್ಲ.

ಇನ್ನು ಕರೆಂಟಿನ ಮಾತು. 1916ರಲ್ಲಿ ಜರ್ಮನಿ ದೇಶಕ್ಕೆ ದೇಶವೇ ಗಡಿಯಾರ ತಿರುಗಿಸಿತು. ಹಾಗೆ ಮಾಡಿದ ಮೊದಲ ದೇಶ ಅದು. ಯುದ್ಧದ ಕಾಲ, ಕಲ್ಲಿದ್ದಲು ಉಳಿಸಬೇಕಿತ್ತು. ಆಗ ಮನೆಯ ಖರ್ಚೆಂದರೆ ಮುಖ್ಯವಾಗಿ ದೀಪದ್ದು. ಈಗ ಹಾಗಿಲ್ಲವಲ್ವಾ? ಅಮೆರಿಕದ ಇಂಡಿಯಾನಾ ರಾಜ್ಯ 2006ರಲ್ಲಿ ಎಲ್ಲ ಜಿಲ್ಲೆಗಳಲ್ಲೂ ಈ ಪದ್ಧತಿ ತಂದಾಗ ಅರ್ಥಶಾಸ್ತ್ರಜ್ಞರು ಮನೆಗಳ ಬಿಲ್ ತೆಗೆದು ನೋಡಿದರು. ಬಳಕೆ ಸುಮಾರು ಶೇ 1ರಷ್ಟು ಏರಿತ್ತು. ದೀಪದಲ್ಲಿ ಉಳಿದದ್ದಕ್ಕಿಂತ ಜಾಸ್ತಿ ಎಸಿಗೆ ಹೋಗಿತ್ತು. ಸುಡುಬಿಸಿಲಿನ ಅರಿಜೋನಾ 1967ರಲ್ಲಿ ಒಂದು ಬೇಸಿಗೆ ನೋಡಿ, ಮರುವರ್ಷವೇ ಕೈಬಿಟ್ಟಿತು. ಸಂಜೆ ಇನ್ನೊಂದು ಗಂಟೆ ಬಿಸಿಲು ಯಾರಿಗೂ ಬೇಕಿರಲಿಲ್ಲ. ರಾಯಚೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಿಜ ಹೇಳಬೇಕೆಂದರೆ, ನಮ್ಮ ಕಲ್ಯಾಣ ಕರ್ನಾಟಕದಲ್ಲಿ ಇದಕ್ಕಿಂತ ಒಳ್ಳೆಯ ಕ್ರಮವಿದೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ವಿಜಯಪುರ, ಬಾಗಲಕೋಟೆಯಲ್ಲೂ ಹೀಗೆಯೇ. ಗಡಿಯಾರ ಅದರ ಪಾಡಿಗೆ ಅದು ಇರುತ್ತದೆ, ಕೆಲಸದ ಹೊತ್ತು ಮಾತ್ರ ಬದಲಾಗುತ್ತದೆ. ಅಸ್ಸಾಮಿನ ಚಹಾ ತೋಟಗಳೂ ತಮ್ಮದೇ ‘ಬಾಗಾನ್ ಟೈಮ್’ ಇಟ್ಟುಕೊಂಡು ಒಂದು ಗಂಟೆ ಮುಂಚೆ ಕೆಲಸ ಶುರು ಮಾಡುತ್ತವೆ. ಯಾರಿಗೆ ಬೇಕೋ ಅವರಿಗಷ್ಟೇ ಬದಲಾವಣೆ. ಬೇರೆ ಯಾರ ನಿದ್ದೆಯೂ ಕೆಡುವುದಿಲ್ಲ.

ನಿದ್ದೆಯ ವಿಷಯ ಸಣ್ಣದು ಎನ್ನಬೇಡಿ. ವರ್ಷಕ್ಕೆ ಎರಡು ಸಲ ಇಡೀ ದೇಶದ ನಿದ್ದೆಗೆ ಕೈಹಾಕುವುದು ಬೇಡವೆಂದು ಅಮೆರಿಕದ ನಿದ್ರಾ ವೈದ್ಯರ ಸಂಘವೇ 2020ರಲ್ಲಿ ಹೇಳಿದೆ. ವರ್ಷವಿಡೀ ಗಡಿಯಾರ ಮುಂದಿಡದ ಹಳೆಯ ಸಮಯವೇ ಇರಲಿ ಎನ್ನುವುದು ಅವರ ಸಲಹೆ. ಯುರೋಪಿನ ಸಂಸತ್ತು 2019ರಲ್ಲೇ ಈ ಪದ್ಧತಿ ನಿಲ್ಲಿಸಲು ಮತ ಹಾಕಿತು. ಸದಸ್ಯ ದೇಶಗಳು ಒಮ್ಮತಕ್ಕೆ ಬರದೆ ಅದು ಅಲ್ಲಿಗೇ ನಿಂತಿದೆ. ಬಿಡಲು ಅವರೇ ಒದ್ದಾಡುತ್ತಿರುವುದನ್ನು ನಾವು ಹೊಸದಾಗಿ ಹೊತ್ತು ತರುವುದೇಕೆ? ಎರಡನೇ ಮಹಾಯುದ್ಧದಲ್ಲಿ, 1942ರಿಂದ 1945ರವರೆಗೆ, ನಮ್ಮಲ್ಲೂ ಗಡಿಯಾರ ಒಂದು ಗಂಟೆ ಮುಂದಿತ್ತು. ಯುದ್ಧ ಮುಗಿಯಿತು, ಅದೂ ಹೋಯಿತು.

ಆದರೂ ಕರೆಂಟ್ ಉಳಿಸುವ ನಿಮ್ಮ ಕಾಳಜಿಗೆ ಬೆಂಗಳೂರಿನಲ್ಲೇ ಒಂದು ಉತ್ತರ ಹುಟ್ಟಿದೆ. ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಡಿ. ಪಿ. ಸೇನ್‌ಗುಪ್ತ ಮತ್ತು ದಿಲೀಪ್ ಅಹುಜಾ ಭಾರತದ ಸಮಯವನ್ನು ಒಂದೇ ಸಲ, ಶಾಶ್ವತವಾಗಿ, ಅರ್ಧ ಗಂಟೆ ಮುಂದಿಡಿ ಎಂದರು. ಎಲ್ಲ ಮನೆಗಳಲ್ಲೂ ಒಟ್ಟಿಗೆ ದೀಪ ಹೊತ್ತುವ ಸಂಜೆಯ ಹೊರೆ ಇದರಿಂದ ತಗ್ಗುತ್ತದೆ. ವರ್ಷಕ್ಕೆ 200 ಕೋಟಿ ಯೂನಿಟ್‌ಗೂ ಹೆಚ್ಚು ಉಳಿಯುತ್ತದೆ ಎಂದು ಅವರು ಲೆಕ್ಕ ಕೊಟ್ಟರು. ಮಾರ್ಚ್ ಇಲ್ಲ, ನವೆಂಬರ್ ಇಲ್ಲ, ಮತ್ತೆ ಮತ್ತೆ ಮುಳ್ಳು ಮುಟ್ಟುವ ಕೆಲಸವಿಲ್ಲ. ನಮಗಿಂತ ಬೇಗ ಬೆಳಗಾಗಿ ಬೇಗ ಕತ್ತಲಾಗುವ ಈಶಾನ್ಯದವರಿಗೂ ಸ್ವಲ್ಪ ನ್ಯಾಯ ಸಿಗುತ್ತದೆ. ಗುಜರಾತಿನ ಪಶ್ಚಿಮ ತುದಿಯಲ್ಲಿ ಮಾತ್ರ ಚಳಿಗಾಲದ ಬೆಳಗು ಇನ್ನಷ್ಟು ತಡವಾಗುತ್ತದೆ, ಅಲ್ಲಿನ ಶಾಲಾ ಮಕ್ಕಳಿಗೆ ಕಷ್ಟ. ಅದಕ್ಕೆ ದಾರಿ ಹುಡುಕಿಕೊಂಡು ಈ ಸಲಹೆಯನ್ನು ಮತ್ತೆ ಚರ್ಚೆಗೆ ತರಬೇಕು ಎನ್ನುವುದು ನನ್ನ ಆಸೆ. ಪರವಾಗಿಯೋ ವಿರುದ್ಧವಾಗಿಯೋ, ಓದುಗರು ಬರೆಯಲಿ. ಖಂಡಿತ ಪ್ರಕಟಿಸುತ್ತೇವೆ.